ಹಗೇವಿನೊಳಗಿನ ಸಾಬೂನು

ನಂಬದವರು ನಂಬದೇ ಇರಲಿ, ನನಗೇನೂ ನಷ್ಟವಿಲ್ಲ. ನಮ್ಮ ಮಠದ ಬುದ್ಧಿಯವರನ್ನು ಒಂದು ಗಳಿಗೆ ಮಾತಿಲ್ಲದೆ ಕೂರಿಸಿದ ಪ್ರಶ್ನೆಯನ್ನು ಕೇಳಿದವನು ಈ ಸುತ್ತಿನಲ್ಲಿ ನಾನೊಬ್ಬನೇ. ಕಾಲೇಜು ಓದಿದವರು ಅಲ್ಲಿದ್ದರು, ಅವರು ಕೇಳಲಿಲ್ಲ. ವಚನಗಳನ್ನು ಬಾಯಿಪಾಠ ಮಾಡಿದವರಿದ್ದರು, ಅವರೂ ಕೇಳಲಿಲ್ಲ. ಎದ್ದು ನಿಂತವನು ಶಿವಮಲ್ಲು. ಆ ಶಿವಮಲ್ಲು ನಾನು.

ನಮ್ಮ ಕಡೆ ಮಠದ ಸ್ವಾಮಿಗಳನ್ನು ಬುದ್ಧಿ ಎಂದೇ ಕರೆಯುವುದು. ಮಧ್ಯಾಹ್ನದ ಪಂಕ್ತಿ ಮುಗಿದ ಮೇಲೆ ಅವರು ಹೊಂಗೆಮರದ ಕಟ್ಟೆಯ ಮೇಲೆ ಕೂರುತ್ತಾರೆ. ಮಠದ ಕೆಲಸಕ್ಕೆ ಬರುವ ನಾವು ಕೆಳಗೆ ಕೂರುತ್ತೇವೆ. ಆ ದಿನ ಅವರು ತಪ್ಪಿನಿಂದ ಕಲಿಯುವುದರ ಬಗ್ಗೆ ಹೇಳುತ್ತಿದ್ದರು. ಅದನ್ನು ಅವರು ಎಷ್ಟೋ ಸಲ ಹೇಳಿದ್ದಾರೆ. ಎಲ್ಲರೂ ತಲೆ ಆಡಿಸುತ್ತಿದ್ದರು. ನಾನು ಆಡಿಸಲಿಲ್ಲ.

“ಬುದ್ಧಿ, ತಪ್ಪು ಮಾಡಿದವನು ತಪ್ಪಿನಿಂದ ಕಲಿಯುತ್ತಾನೆ, ಸರಿ. ತಪ್ಪೇ ಮಾಡದವನು ಯಾವುದರಿಂದ ಕಲಿಯಬೇಕು?” ಎಂದು ಕೇಳಿದೆ.

ಹಿಂದೆ ಕುಳಿತವರು ನಕ್ಕರು. ಅಡುಗೆಮನೆಯ ಮರಿಸ್ವಾಮಣ್ಣ, ಆ ತಪ್ಪೇ ಮಾಡದ ಮಹಾನುಭಾವ ಯಾರಪ್ಪ, ನಮಗೂ ತೋರಿಸು, ಕಾಲಿಗೆ ಬೀಳೋಣ ಎಂದ. ನಾನು ಅವನ ಕಡೆ ತಿರುಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾನು ಒಟ್ಟಿದ ಹುಲ್ಲಿನ ಮೆದೆ ಯಾವ ಗಾಳಿಗೂ ವಾಲಿಲ್ಲ. ನಾನು ಕಟ್ಟಿದ ಬೇಲಿಯನ್ನು ಹಂದಿ ದಾಟಿಲ್ಲ. ನಾನು ಹೂಡಿದ ಸಾಲು ಸೊಟ್ಟಗಿದ್ದದ್ದನ್ನು ನಮ್ಮೂರಿನಲ್ಲಿ ಕಂಡವರು ಯಾರೂ ಇಲ್ಲ.

ಯಾರೂ ಕಂಡಿಲ್ಲವೇ ಎಂದು ಬುದ್ಧಿ ಕೇಳಿದರು. ಯಾರೂ ಕಂಡಿಲ್ಲ ಎಂದೆ.

ಅವರು ಸುಮ್ಮನಾದರು. ಆ ಸುಮ್ಮನಿದ್ದದ್ದನ್ನೇ ನಾನು ಮೊದಲು ಹೇಳಿದ್ದು. ಎಲ್ಲರೂ ನೋಡಿದ್ದಾರೆ, ಬೇಕಾದರೆ ಕೇಳಿಕೊಳ್ಳಿ. ಆಮೇಲೆ ಅವರು ಒಂದು ಕತೆ ಹೇಳಿದರು. ರಾಜನ ಕತೆಯನ್ನೋ ಋಷಿಯ ಕತೆಯನ್ನೋ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಸಾಬೂನಿನ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಸಾಬೂನು ಮಾಡುವವನಿದ್ದ. ಅವನು ಮಾಡುತ್ತಿದ್ದದ್ದು ಒಲೆ ಹಚ್ಚದೆ ಮಾಡುವ ಸಾಬೂನು. ಕಾಸ್ಟಿಕ್ ಸೋಡಾವನ್ನು ನೀರಿಗೆ ಹಾಕಿದರೆ ಆ ನೀರು ತಾನೇ ಕಾಯುತ್ತದೆ. ಅದು ಆರಿದ ಮೇಲೆ ತೆಂಗಿನೆಣ್ಣೆಗೆ ಸುರಿದು, ಅಂಬಲಿಯಷ್ಟು ಗಟ್ಟಿಯಾಗುವವರೆಗೆ ಕಡೆಯಬೇಕು. ಆಮೇಲೆ ಮರದ ಅಚ್ಚಿಗೆ ಹೊಯ್ಯಬೇಕು. ಮಾರನೆಯ ದಿನ ಅಚ್ಚಿನಿಂದ ತೆಗೆದು ತಂತಿಯಲ್ಲಿ ಕತ್ತರಿಸಿ, ನೆರಳಿನಲ್ಲಿ ತಿಂಗಳು ಮೀರಿ ಇಡಬೇಕು. ಅಷ್ಟರಲ್ಲಿ ಅದರ ಉರಿ ಇಳಿದು, ಗಟ್ಟಿಯಾಗಿ, ಮೈಗೆ ಹಚ್ಚುವಂತಾಗುತ್ತದೆ. ಅದನ್ನು ಅವರು ಸಾಬೂನು ಮಾಗುವುದು ಎನ್ನುತ್ತಾರೆ.

ಅವನ ಸಾಬೂನು ಹಾಲಿನಂತೆ ಬೆಳ್ಳಗಿರುತ್ತಿತ್ತು. ಸುತ್ತಿನ ಹಳ್ಳಿಗಳಲ್ಲಿ ಅವನಿಗೆ ಒಂದು ಹೆಸರಿತ್ತು. ಅವನ ಕೈಯಲ್ಲಿ ಸಾಬೂನು ಕೆಟ್ಟದ್ದಿಲ್ಲ ಎಂದು ಜನ ಹೇಳುತ್ತಿದ್ದರು. ಅವನೂ ಹಾಗೆಯೇ ಹೇಳಿಕೊಳ್ಳುತ್ತಿದ್ದ. ಆದರೆ ಅವನ ಕೈಯಲ್ಲಿಯೂ ಸಾಬೂನು ಕೆಡುತ್ತಿತ್ತು. ಕೆಟ್ಟದ್ದು ಹೊರಗೆ ಬರುತ್ತಿರಲಿಲ್ಲ, ಅಷ್ಟೇ. ಅವನ ಹಿತ್ತಿಲಿನಲ್ಲಿ ಅಜ್ಜನ ಕಾಲದ ಒಂದು ಹಗೇವಿತ್ತು. ರಾಗಿ ತುಂಬಿಡಲು ನೆಲದೊಳಗೆ ತೋಡಿದ ಆಳದ ಗುಳಿ. ಮೇಲೆ ಕಲ್ಲಿನ ಮುಚ್ಚಳ. ಅದರಲ್ಲಿ ರಾಗಿ ತುಂಬುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಸಾಬೂನು ಒಡೆದರೆ, ಪುಡಿಯಾದರೆ, ಎಣ್ಣೆ ಬೇರೆ ನಿಂತರೆ, ಅವನು ಯಾರೂ ಇಲ್ಲದ ಹೊತ್ತು ನೋಡಿ ಕಲ್ಲು ಸರಿಸಿ ಅದರೊಳಗೆ ಹಾಕಿ ಮತ್ತೆ ಮುಚ್ಚುತ್ತಿದ್ದ.

ಅವನಿಗೆ ಅಪ್ಪ ಅಮ್ಮ ಇರಲಿಲ್ಲ. ಒಬ್ಬಳು ತಂಗಿ ಇದ್ದಳು. ಅವಳಿಗೆ ಗಂಡು ಗೊತ್ತಾಯಿತು. ನೇಯ್ಗೆಯವರ ಊರಿನ ದೊಡ್ಡ ಮನೆ. ವೀಳ್ಯಶಾಸ್ತ್ರದ ದಿನ ಗಂಡಿನ ತಾಯಿ ಊಟ ಮುಗಿಸಿ ಇವನ ಬಿಳಿ ಸಾಬೂನಿನಲ್ಲಿ ಕೈ ತೊಳೆದಳು. ಕೈ ಮೂಸಿ ನೋಡಿದಳು. ಚೆನ್ನಾಗಿದೆ ಎಂದಳು. ನೂಲಿಗೆ ಬಣ್ಣ ಕಟ್ಟುವ ಮನೆಯ ಹೆಂಗಸು, ಅಷ್ಟು ಸುಲಭಕ್ಕೆ ಏನನ್ನೂ ಚೆನ್ನಾಗಿದೆ ಎನ್ನುವವಳಲ್ಲ. ಅಷ್ಟಕ್ಕೇ ಇವನಿಗೆ ತಲೆ ತಿರುಗಿತು.

ಮದುವೆಗೆ ಗಂಡಿನ ಕಡೆಯವರು ಬಂದು ಇಳಿದುಕೊಳ್ಳುವ ಮನೆಗೆ ಬಿಡದಿ ಎನ್ನುತ್ತಾರಲ್ಲ, ಅಲ್ಲಿಗೆ ಹೆಣ್ಣಿನ ಕಡೆಯವರು ಎಣ್ಣೆ, ಸೀಗೆಪುಡಿ, ಸಾಬೂನು, ಟವೆಲು ಎಲ್ಲವನ್ನೂ ತಟ್ಟೆಯಲ್ಲಿಟ್ಟು ಕಳಿಸಬೇಕು. ಇವನು ತುಂಬಿದ ಪಡಸಾಲೆಯಲ್ಲಿ ಎದ್ದು ನಿಂತು, ಬಿಡದಿಗೆ ಅಂಗಡಿಯ ಸಾಬೂನು ಬರುವುದಿಲ್ಲ, ನನ್ನ ಕೈಯಿಂದಲೇ ಅರಿಶಿನದ ಬಣ್ಣದ ಸಾಬೂನು ಬರುತ್ತದೆ ಎಂದ. ಅಲ್ಲಿಯವರೆಗೆ ಅವನು ಯಾವ ಸಾಬೂನಿಗೂ ಬಣ್ಣ ಹಾಕಿರಲಿಲ್ಲ. ಅದು ತಂಗಿಗೆ ಗೊತ್ತಿತ್ತು. ಅವಳು ಬಾಗಿಲ ಹಿಂದೆ ನಿಂತು ಕೇಳಿದಳು. ಮಾತು ಕೊಟ್ಟವನು ಅಣ್ಣ. ಆ ಮಾತನ್ನು ಹೊತ್ತುಕೊಂಡು ಆ ಮನೆಗೆ ಹೋಗಬೇಕಾದವಳು ತಂಗಿ.

ಅವನು ಸಾಬೂನಿನ ಕೋಣೆಯ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕುಳಿತ. ಎಣ್ಣೆಗೆ ಕಾಸ್ಟಿಕ್ ನೀರು ಸುರಿದು ಕಡೆದ. ಗಟ್ಟಿಯಾಗುವ ಹೊತ್ತಿಗೆ ಅರಿಶಿನದ ಪುಡಿ ಹಾಕಿದ. ಪಾತ್ರೆಯಲ್ಲಿದ್ದದ್ದು ನೋಡುತ್ತಿದ್ದಂತೆ ಕುರಿ ಕಡಿದ ಹಾಗೆ ಕೆಂಪಾಯಿತು.

ಅಂಗಡಿಯವನು ಕಲಬೆರಕೆ ಪುಡಿ ಕೊಟ್ಟಿದ್ದಾನೆ ಎಂದು ಬೈದ. ಅಚ್ಚಿನಲ್ಲಿದ್ದದ್ದನ್ನು ಮಾರನೆಯ ಬೆಳಿಗ್ಗೆಯೇ ಹಗೇವಿಗೆ ಹಾಕಿದ. ತಾನೇ ಅರಿಶಿನದ ಕೊಂಬು ಕುಟ್ಟಿ ಜರಡಿ ಹಿಡಿದು ಇನ್ನೊಮ್ಮೆ ಮಾಡಿದ. ಅದೂ ಕೆಂಪಾಯಿತು. ಈ ಸಲ ಕಾಸ್ಟಿಕ್ ಸೋಡಾವನ್ನು ಬೈದ. ಅದೂ ಹಗೇವಿಗೆ ಹೋಯಿತು. ಅರಿಶಿನ ಕಡಿಮೆ ಮಾಡಿದ. ಇಟ್ಟಿಗೆಯ ಬಣ್ಣ ಬಂತು. ಅದನ್ನೂ ಹಾಕಿದ.

ಬಿಳಿ ಸಾಬೂನನ್ನು ತಿಂಗಳು ಮೀರಿ ಮಾಗಿಸದೆ ಅವನು ಯಾರಿಗೂ ಕೊಟ್ಟವನಲ್ಲ. ಆದರೆ ಬಣ್ಣವೂ ಮಾಗುತ್ತದೆ ಎಂದು ಅವನಿಗೆ ಹೊಳೆಯಲಿಲ್ಲ. ಪಾತ್ರೆಯಲ್ಲಿ ಕಂಡದ್ದೇ ಬಣ್ಣ ಎಂದುಕೊಂಡಿದ್ದ. ತಪ್ಪಾಗಿದೆ ಎಂದು ಕಂಡ ಮೇಲೆ ಅದರ ಮುಖ ನೋಡಿಕೊಂಡು ಒಂದು ದಿನವೂ ಇರಲು ಅವನಿಂದ ಆಗುತ್ತಿರಲಿಲ್ಲ.

ತಂಗಿ ಬಾಗಿಲು ತಟ್ಟಿದಳು. ಹೊಸ್ತಿಲ ಮೇಲೆ ಕೆಂಪು ಕಲೆ ಬಿದ್ದಿದೆ, ಏನಣ್ಣ ಅದು ಎಂದು ಕೇಳಿದಳು. ಅವನು ಬಾಗಿಲು ತೆರೆಯಲಿಲ್ಲ. ಮದುಮಗಳು ಮದುಮಗಳ ಹಾಗೆ ಒಳಗಿರಬೇಕು ಎಂದ.

ಇಲ್ಲಿ ನಾನು ಬುದ್ಧಿಯವರನ್ನು ತಡೆದೆ. ಈ ಮನುಷ್ಯ ನಮ್ಮೂರಿನವನಲ್ಲ ತಾನೆ ಎಂದು ಕೇಳಿದೆ. ಅಲ್ಲ ಎಂದರು. ನಾನೂ ಹಾಗೆಂದುಕೊಂಡೆ, ನಮ್ಮೂರಿನಲ್ಲಿ ಇಂಥ ಪೆದ್ದರು ಹುಟ್ಟುವುದಿಲ್ಲ ಎಂದೆ. ಮರಿಸ್ವಾಮಣ್ಣ ಕೆಮ್ಮಿದ. ಬುದ್ಧಿ ಮುಂದುವರಿಸಿದರು.

ಅರಿಶಿನದ ಸಹವಾಸ ಸಾಕು ಎಂದು ಅವನು ಕೆಂಪು ದಾಸವಾಳ ತಂದ. ಹೂ ಹಿಂಡಿ ರಸ ತೆಗೆದು ಹಾಕಿದ. ಅದು ಒಂದು ಕ್ಷಣ ಪಾಚಿಯ ಹಾಗಾಯಿತು. ಬೆಳಗಾಗುವಷ್ಟರಲ್ಲಿ ಕೆಸರಿನ ಹಾಗಾಗಿತ್ತು. ಕೆಂಪು ಬೇಡವೆಂದಾಗ ಕೆಂಪು ಬರುತ್ತದೆ, ಬೇಕೆಂದಾಗ ಓಡಿಹೋಗುತ್ತದೆ ಎಂದು ಹೂವನ್ನು ಬೈದ. ಅದನ್ನೂ ಕಲ್ಲಿನ ಕೆಳಗೆ ಸೇರಿಸಿದ.

ಕೊನೆಗೆ ಸೊಪ್ಪು ಅರೆದು ಹಾಕಿದ. ಈ ಸಲ ಪಾತ್ರೆಯಲ್ಲಿ ಭತ್ತದ ಸಸಿಮಡಿಯಂಥ ಹಸಿರು ಬಂತು. ಮಾರನೆಯ ದಿನ ತಂತಿಯಲ್ಲಿ ಕತ್ತರಿಸಿದಾಗಲೂ ಹಸಿರಾಗಿಯೇ ಇತ್ತು. ಅವನು ಬಾಗಿಲು ತೆರೆದ. ಊರಿನವರನ್ನು ಕರೆದು ತೋರಿಸಿದ. ಅರಿಶಿನದ ಬಣ್ಣ ಎಲ್ಲರೂ ಮಾಡುತ್ತಾರೆ, ಚಪ್ಪರ ಹಸಿರು, ಮದುಮಗಳ ಬಳೆ ಹಸಿರು, ಸಾಬೂನೂ ಹಸಿರಿರಲಿ ಎಂದು ಬೀಗರ ಮನೆಗೆ ಹೇಳಿಕಳಿಸಿದ. ಒಂದಿಷ್ಟು ದಿನ ಗಾಳಿಗೆ ಇಟ್ಟಂತೆ ಮಾಡಿ, ತಗಡಿನ ಪೆಟ್ಟಿಗೆಗೆ ತುಂಬಿ ಬೀಗ ಹಾಕಿದ. ಬೀಗರ ಎದುರಿಗೇ ಅದನ್ನು ತೆರೆಯಬೇಕೆಂದು ಅವನಿಗೆ ಆಸೆ.

ಮದುವೆಗೆ ಇನ್ನೂ ತಿಂಗಳ ಮೇಲಿತ್ತು, ಅಲ್ಲಿಯವರೆಗೆ ಅವನು ಆ ಪೆಟ್ಟಿಗೆಯನ್ನು ತೆರೆದು ನೋಡಲಿಲ್ಲ. ಸರಿಯಾಗಿದೆ ಎಂದುಕೊಂಡದ್ದನ್ನು ಯಾರು ಮತ್ತೆ ನೋಡುತ್ತಾರೆ ಎಂದರು ಬುದ್ಧಿ. ನಾನಾದರೂ ನೋಡುತ್ತಿರಲಿಲ್ಲ ಎಂದೆ.

ಬೀಗರು ಮದುವೆಯ ಹಿಂದಿನ ದಿನ ಬಂದರು. ಗಾಡಿಯ ಧೂಳು ಮೈಗೆಲ್ಲ ಮೆತ್ತಿಕೊಂಡಿತ್ತು. ನೀರು ಕಾಯುತ್ತಿತ್ತು. ಸ್ನಾನ ಮುಗಿಸಿ, ಗಂಡಿಗೆ ಅರಿಶಿನ ಹಚ್ಚುವ ಶಾಸ್ತ್ರಕ್ಕೆ ಕೂರಬೇಕು. ಇವನು ಪೆಟ್ಟಿಗೆಯನ್ನು ಬಿಡದಿಯ ನಡುಮನೆಯಲ್ಲಿಟ್ಟು ಬೀಗ ತೆಗೆದ.

ಒಳಗಿದ್ದದ್ದು ಹಸಿರಾಗಿರಲಿಲ್ಲ. ಒಣಸಗಣಿಯ ಬಣ್ಣಕ್ಕೆ ತಿರುಗಿತ್ತು. ಆಕಾರವೂ ಹಾಗೆಯೇ ಕಂಡಿತು.

ಗಂಡಿನ ಸೋದರಮಾವ ಒಂದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಅವನು ನಗುವ ಮನುಷ್ಯನೇ ಅಲ್ಲ. ನಗದೆಯೇ ಹೇಳಿದ.

“ಬೀಗರು ಬೆರಣಿ ಕಳಿಸಿದ್ದಾರೆ. ಒಲೆ ಎಲ್ಲಿದೆ ಕೇಳಿ, ನೀರಿಗೆ ಉರಿ ಹಾಕೋಣ.”

ಬಿಡದಿಯಲ್ಲಿದ್ದವರೆಲ್ಲ ನಕ್ಕರು. ಆ ನಗು ಬೀದಿ ದಾಟಿ ಮದುವೆಮನೆಗೆ ಕೇಳಿಸಿತು. ನಕ್ಕದ್ದು ಏಕೆಂದು ಒಬ್ಬರಿಂದೊಬ್ಬರಿಗೆ ಹೋಗಿ ತಂಗಿಯ ಕಿವಿಗೂ ಮುಟ್ಟಿತು. ಅವಳು ಬಳೆಗಾರನ ಎದುರು ಕೈ ಚಾಚಿ ಕುಳಿತಿದ್ದಳು. ಅವಳಿಗೆ ಹಳ್ಳಿಯ ಬಾಯಿ ಗೊತ್ತಿತ್ತು. ಹೊಸ ಸೊಸೆಗೆ ಮೊದಲ ದಿನ ಬಿದ್ದ ಹೆಸರು ಮೊಮ್ಮಕ್ಕಳಾದರೂ ಬಿಡುವುದಿಲ್ಲ. ಅವರ ಓಣಿಯಲ್ಲಿಯೇ ಒಬ್ಬಳಿದ್ದಳು. ಮದುವೆಯ ದಿನ ಸಾರು ಚೆಲ್ಲಿದ್ದಕ್ಕೆ ಮುದುಕಿಯಾದರೂ ಅವಳು ಸಾರು ಚೆಲ್ಲಿದವಳೇ. ಇನ್ನು ತಾನು ಆ ಮನೆಯಲ್ಲಿ ಬೆರಣಿ ಮನೆಯವಳು. ಅವಳು ಅಳಲಿಲ್ಲ. ಕೈ ಹಿಂದಕ್ಕೆ ಎಳೆದುಕೊಂಡಳು. ಬಳೆ ಅರ್ಧಕ್ಕೇ ನಿಂತಿತು.

ಬಿಡದಿಯಲ್ಲಿ ಗಂಡಿನ ತಾಯಿ ಮಾತ್ರ ನಗಲಿಲ್ಲ. ಅವಳು ಕಂಬಕ್ಕೆ ಒರಗಿ ಕುಳಿತಳು. ಸ್ನಾನಕ್ಕೆ ಏಳಲಿಲ್ಲ. ಅವಳು ಏಳದಿದ್ದರೆ ಉಳಿದ ಹೆಂಗಸರು ಏಳುವಂತಿಲ್ಲ. ಶಾಸ್ತ್ರ ನಿಂತಿತು.

ಅವನು ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಹಿಂದಿನ ಬಾಗಿಲಿನಿಂದ ಹೊರಟ. ಎಲ್ಲಿಗೆ ಹೋಗಬೇಕೆಂದು ಅವನು ಯೋಚಿಸಲೇ ಇಲ್ಲ, ಕಾಲಿಗೆ ದಾರಿ ಗೊತ್ತಿತ್ತು. ಹಗೇವಿನ ಬಳಿ ಬಂದು ಕಲ್ಲು ಸರಿಸಿದ. ಇಳಿಹೊತ್ತಿನ ಬಿಸಿಲು ಓರೆಯಾಗಿ ಒಳಗೆ ಬಿತ್ತು. ಪೆಟ್ಟಿಗೆ ಬಗ್ಗಿಸಲು ಹೋದವನು ಹಾಗೆಯೇ ನಿಂತ.

ಕೆಳಗೆ ಅರಿಶಿನದ ಬಣ್ಣವಿತ್ತು.

ಹಗೇವಿನ ಮುಚ್ಚಳ ತೆಗೆದೊಡನೆ ಇಳಿಯಬಾರದು. ಒಳಗಿನ ಗಾಳಿ ಉಸಿರು ಕಟ್ಟಿಸುತ್ತದೆ. ಅವನು ಬಾಯಿಯ ಬಳಿ ಕುಳಿತು ಕಾದ. ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಆರದೆ ಉರಿಯುವುದನ್ನು ನೋಡಿ, ಆಮೇಲೆ ತಾನು ಇಳಿದ. ಒಳಗೆ ಕತ್ತಲೆ, ತೇವವಿಲ್ಲದ ನೆಲ, ಬಿಸಿಲಿಲ್ಲ. ಸಾಬೂನು ಮಾಗಲು ಅದಕ್ಕಿಂತ ಒಳ್ಳೆಯ ಜಾಗ ಆ ಊರಿನಲ್ಲಿ ಇರಲಿಲ್ಲ. ಕೆಂಪೆಂದು ಎಸೆದದ್ದರ ಉರಿ ಇಳಿದಿತ್ತು. ಉರಿಯ ಜೊತೆ ಕೆಂಪೂ ಇಳಿದಿತ್ತು. ಬೀಳುವಾಗ ಒಡೆದು ಗಡ್ಡೆಗಡ್ಡೆಯಾಗಿದ್ದವು, ಮೂಲೆ ಮುರಿದಿದ್ದವು. ಆದರೆ ತುಂಬಿದ ಪಡಸಾಲೆಯಲ್ಲಿ ಅವನು ಯಾವ ಬಣ್ಣದ ಮಾತು ಕೊಟ್ಟಿದ್ದನೋ ಅದೇ ಬಣ್ಣ.

ಅವನು ಕುಕ್ಕೆಯ ತುಂಬ ಆರಿಸಿಕೊಂಡು ಮೇಲೆ ಬಂದ. ಬರುವಾಗಲೇ ಮಾತು ಹೊಂದಿಸಿಕೊಂಡ. ಪೆಟ್ಟಿಗೆಯದು ತಮಾಷೆಗೆ ತೋರಿಸಿದ್ದು, ನಿಜವಾದ ಸಾಬೂನು ಇದು, ನೆಲದೊಳಗೆ ಮಾಗಿಸುವುದು ನಮ್ಮ ಮನೆತನದ ಪದ್ಧತಿ, ಒಡೆದು ಕೊಡುವುದೂ ಪದ್ಧತಿಯೇ ಎಂದು ಹೇಳಿದರಾಯಿತು. ಅದು ಸುಳ್ಳೆಂದು ಯಾರೂ ಹೇಳುವಂತಿರಲಿಲ್ಲ. ಹಗೇವಿನೊಳಗೆ ಇಣುಕಿದವರು ಯಾರಿದ್ದಾರೆ?

ಜಾಣ ಎಂದೆ ನಾನು. ಮೊದಲ ಸಲ ಆ ಮನುಷ್ಯ ನನಗೆ ಹಿಡಿಸಿದ್ದ. ಬುದ್ಧಿ ನನ್ನನ್ನು ನೋಡಿದರು. ಕತೆ ಮುಂದುವರಿಸಿದರು.

ಅವನು ಕುಕ್ಕೆ ತಂದು ಗಂಡಿನ ತಾಯಿಯ ಮುಂದಿಟ್ಟ. ಅಷ್ಟು ಹೊತ್ತಿಗೆ ತಂಗಿಯೂ ಬೀದಿ ದಾಟಿ ಬಂದು ಬಾಗಿಲಲ್ಲಿ ನಿಂತಿದ್ದಳು. ಮದುಮಗಳು ಬಿಡದಿಯ ಹೊಸ್ತಿಲಿಗೆ ಬರುವ ಪದ್ಧತಿ ಇಲ್ಲ. ಬಂದಿದ್ದಳು. ಒಂದು ಕೈಯಲ್ಲಿ ಬಳೆ ಇತ್ತು, ಇನ್ನೊಂದರಲ್ಲಿ ಇರಲಿಲ್ಲ.

ಗಂಡಿನ ತಾಯಿ ಒಂದು ಗಡ್ಡೆಯನ್ನು ಎತ್ತಿಕೊಂಡು ಉಗುರಿನಿಂದ ಗೀರಿ ನೋಡಿದಳು. ಬಣ್ಣದ ಮನೆಯವಳ ಉಗುರು. ಇಷ್ಟು ಒಳ್ಳೆಯದು ಮನೆಯಲ್ಲಿದ್ದೂ ಅದನ್ನೇಕೆ ತಂದಿರಿ ಎಂದು ಕೇಳಿದಳು.

ಹೊಂದಿಸಿಕೊಂಡ ಮಾತು ಅವನ ನಾಲಗೆಯ ಮೇಲಿತ್ತು. ಅದನ್ನು ಹೇಳಿದರೆ ತಾನು ಗೆದ್ದಂತೆ. ಆದರೆ ನಾಳೆ ಆ ಮನೆಯಲ್ಲಿ, ನಿಮ್ಮ ಮನೆತನದ ಪದ್ಧತಿ ಏನಮ್ಮ, ನೆಲದೊಳಗೆ ಹೇಗೆ ಮಾಗಿಸುತ್ತೀರಿ ಎಂದು ಕೇಳುವುದು ತಂಗಿಯನ್ನು. ಅಣ್ಣನ ಸುಳ್ಳಿಗೆ ಅವಳು ಬದುಕಿರುವವರೆಗೂ ಕಾವಲು ನಿಲ್ಲಬೇಕು. ಅವನು ತಂಗಿಯ ಬರಿಗೈಯ ಕಡೆ ನೋಡಿದ. ಇವನ್ನು ತಪ್ಪಾಗಿವೆ ಎಂದು ಎಸೆದಿದ್ದೆ, ಪೆಟ್ಟಿಗೆಯವು ಸರಿಯಾಗಿವೆ ಎಂದು ಬೀಗ ಹಾಕಿಟ್ಟಿದ್ದೆ ಎಂದ. ಅರಿಶಿನ ಕೆಂಪಾಗಿತ್ತು, ಅದಕ್ಕೆ ಎಸೆದೆ ಎಂದ.

“ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ, ಅದನ್ನೇ ತಟ್ಟೆಯಲ್ಲಿ ಹಿಡಿದು ಆರತಿ ಎತ್ತುತ್ತೇವೆ. ಸುಣ್ಣದ ತಮ್ಮನಲ್ಲವೇ ನಿಮ್ಮ ಕಾಸ್ಟಿಕ್ಕು? ಅದರ ಉರಿ ಇಳಿದರೆ ಅರಿಶಿನ ಅರಿಶಿನವಾಗಿಯೇ ಕೂರುತ್ತದೆ. ನಿಮ್ಮ ಮನೆಯಲ್ಲಿ ಆರತಿ ಎತ್ತುವ ಹೆಣ್ಣುಮಕ್ಕಳು ಯಾರೂ ಹೇಳಲಿಲ್ಲವೇ ಬೀಗರೇ?” ಎಂದಳು ಗಂಡಿನ ತಾಯಿ.

“ಹೇಳಲು ನಾನು ಯಾರಿಗೂ ತೋರಿಸಿರಲಿಲ್ಲ ಅಮ್ಮ.”

ಬಿಡದಿಯಲ್ಲಿ ಯಾರೂ ನಗಲಿಲ್ಲ. ಗಂಡಿನ ತಾಯಿ ಕೈಯಲ್ಲಿದ್ದ ಗಡ್ಡೆಯನ್ನು ಕುಕ್ಕೆಗೆ ಹಾಕಿದಳು. ಆಮೇಲೆ, ಎಸೆದದ್ದು ಇನ್ನೂ ಇರಬೇಕಲ್ಲ, ಎಲ್ಲವನ್ನೂ ತನ್ನಿ, ಒಂದನ್ನೂ ಬಿಡಬೇಡಿ ಎಂದಳು.

ಅವನು ತಂದ. ಹಗೇವಿನೊಳಗೆ ಎಷ್ಟಿತ್ತೋ ಅಷ್ಟನ್ನೂ ಹೊತ್ತುಹೊತ್ತು ತಂದು ಸುರಿದ. ಪುಡಿಯಾದದ್ದು, ಬಿರುಕು ಬಿಟ್ಟದ್ದು, ಎಣ್ಣೆ ಕಾರಿದ್ದು. ಯಾವಾಗ ಎಸೆದದ್ದೆಂದು ಅವನಿಗೇ ಮರೆತುಹೋದದ್ದು. ಹೆಂಗಸರು ಸ್ನಾನ ಮರೆತು ಸುತ್ತಲೂ ಕುಳಿತರು. ಅವಲಕ್ಕಿ ಹಸನು ಮಾಡಲು ಕುಳಿತ ಹಾಗೆ ಕುಳಿತರು. ದಾಸವಾಳದ್ದನ್ನು ಒಬ್ಬಳು ಮೂಸಿ, ಈ ಹೂವಿನ ಕೆಂಪು ತಲೆಗೂ ನಿಲ್ಲದು ಬಟ್ಟೆಗೂ ನಿಲ್ಲದು, ಕಾಸ್ಟಿಕ್ಕಿಗೆ ನಿಲ್ಲುತ್ತದೆಯೇ ಎಂದಳು. ಸೊಪ್ಪಿನ ಹಸಿರು ಸೊಪ್ಪು ಬದುಕಿರುವಷ್ಟೇ ದಿನ, ಒಣಗಿದ ಮೇವು ಎಂದಾದರೂ ಹಸಿರಾಗಿತ್ತೇ ಎಂದಳು ಇನ್ನೊಬ್ಬಳು. ಕೆಂಪೇ ಬೇಕಾದರೆ ಬೇರಿನಲ್ಲಿ ಹುಡುಕಿ, ಹೂವಿನಲ್ಲಿ ಹುಡುಕಬೇಡಿ, ನಾವು ನೂಲಿಗೆ ಮಂಜಿಷ್ಠೆ ಬೇರು ಹಾಕುವುದು ಅದಕ್ಕೇ ಎಂದಳು ಗಂಡಿನ ತಾಯಿ. ತಂಗಿಯೂ ಹೊಸ್ತಿಲಲ್ಲೇ ಕುಳಿತು ಒಂದನ್ನು ಎತ್ತಿಕೊಂಡು, ಇದರಲ್ಲಿ ನೀನು ಕಾಸ್ಟಿಕ್ ನೀರು ಆರುವ ಮೊದಲೇ ಎಣ್ಣೆಗೆ ಸುರಿದಿದ್ದೀಯ ಅಣ್ಣ, ಆ ದಿನ ನಿನಗೆ ಸಂತೆಗೆ ಹೋಗುವ ಅವಸರವಿತ್ತು ಎಂದಳು. ಎಲ್ಲರೂ ನಕ್ಕರು. ಅವನೂ ನಕ್ಕ. ಅದು ನಿಜವಾಗಿತ್ತು.

ಆ ಸಂಜೆ ಬೀಗರು ಮುರಿದ ಅರಿಶಿನದ ಗಡ್ಡೆಗಳಲ್ಲಿ ಸ್ನಾನ ಮಾಡಿದರು. ಸೋದರಮಾವ ಮಾತ್ರ ಹಟ ಹಿಡಿದು ತನ್ನ ಬೆರಣಿಯಲ್ಲೇ ಮಾಡಿದ. ಅದರಲ್ಲೂ ನೊರೆ ಬಂತು. ಬಳೆಗಾರ ಇನ್ನೊಂದು ಕೈಗೂ ಬಳೆ ಇಟ್ಟ. ಮದುವೆ ಆಯಿತು.

ಗಂಡಿನ ಮನೆಯಲ್ಲಿ ಅವಳಿಗೆ ಹೆಸರು ಬೀಳದೆ ಇರಲಿಲ್ಲ. ತಪ್ಪು ಗೊತ್ತಾಗುವ ಮನೆಯವಳು ಎಂದು ಅತ್ತೆ ಕರೆದಳು. ಓಣಿಯವರೂ ಹಾಗೆಯೇ ಕರೆದರು. ಅವಳು ಬಣ್ಣದ ಹೊಂಡದ ಬಳಿ ನಿಂತು ನೂಲು ನೋಡುವಾಗ, ಇದು ಕೆಟ್ಟಿದೆ ಎಂದು ಅವಳು ಹೇಳಿದರೆ ಯಾರೂ ಎರಡನೆಯ ಮಾತು ಆಡುತ್ತಿರಲಿಲ್ಲ.

ಸಾಬೂನಿನವನು ತಂಗಿಯನ್ನು ಗಂಡನ ಮನೆಗೆ ಬಿಟ್ಟು ಊರಿಗೆ ಮರಳಿ ಹಗೇವಿಗೆ ಮಣ್ಣು ತುಂಬಿಸಿದ. ಆಮೇಲೆ ಕೆಟ್ಟ ಸಾಬೂನನ್ನು ಅವನು ಬೀದಿಯ ಕಡೆಯ ಜಗಲಿಯ ಮೇಲೆ ಸಾಲಾಗಿ ಇಡತೊಡಗಿದ. ಹೋಗುವವರು ಬರುವವರು ನಿಂತು ನೋಡುತ್ತಿದ್ದರು. ಕೆಲವರು ಛೇಡಿಸುತ್ತಿದ್ದರು. ಏನಯ್ಯಾ, ಈ ಸಲ ಬೆಲ್ಲ ಮಾಡಿದ್ದೀಯಾ ಎನ್ನುತ್ತಿದ್ದರು. ಕೆಲವರು, ನೀಲಿ ಬೇಕಾದರೆ ಹೀಗೆ ಮಾಡು ಎನ್ನುತ್ತಿದ್ದರು. ಹೇಳಿದವರಲ್ಲಿ ಹೆಚ್ಚಿನವರಿಗೆ ಏನೂ ಗೊತ್ತಿರುತ್ತಿರಲಿಲ್ಲ. ಗೊತ್ತಿದ್ದವರು ಯಾವಾಗಲೋ ಒಬ್ಬರು ಬರುತ್ತಿದ್ದರು. ಅವನ ಸಾಬೂನಿಗೆ ಬಣ್ಣ ಬಂದದ್ದು ಹಾಗೆ. ಅವನ ಕೈಯಲ್ಲಿ ಸಾಬೂನು ಕೆಡುವುದಿಲ್ಲ ಎಂದು ಆಮೇಲೆ ಯಾರೂ ಹೇಳಲಿಲ್ಲ. ಆದರೆ ಮದುವೆ ಇದ್ದವರು ಮೊದಲು ಅವನ ಮನೆಗೇ ಬರುತ್ತಿದ್ದರು.

ಇಷ್ಟು ಹೇಳಿ ಬುದ್ಧಿ ನಿಲ್ಲಿಸಿದರು.

ಕತೆ ಚೆನ್ನಾಗಿತ್ತು. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದು ಮುಖದ ಮೇಲೆ ಹೇಳುವವನು ನಾನು. ಉಳಿದವರು ಕೈಮುಗಿದು ಕುಳಿತಿದ್ದರು. ನಾನು ಎದ್ದು ನಿಂತೆ. ಕತೆ ಒಪ್ಪಿದೆ ಬುದ್ಧಿ, ಆದರೆ ಇದು ತಪ್ಪು ಮಾಡಿ ಬಚ್ಚಿಟ್ಟವನ ಕತೆ, ನನ್ನ ಪ್ರಶ್ನೆ ಹಾಗೆಯೇ ಉಳಿಯಿತು ಎಂದೆ. ನಮ್ಮ ಹಿತ್ತಿಲಿನಲ್ಲಿ ಹಗೇವೇ ಇಲ್ಲ, ಬೇಕಾದರೆ ಬಂದು ಅಗೆದು ನೋಡಲಿ ಎಂದೆ. ನನ್ನ ಹೊಲ ಊರಿನಿಂದ ದೂರ, ಗುಡ್ಡದ ಆಚೆ ಇದೆ, ಅಲ್ಲಿ ನಾನೊಬ್ಬನೇ ಉಳುತ್ತೇನೆ, ನನ್ನ ಸಾಲು ನೆಟ್ಟಗಿರುತ್ತದೆ, ಅದರಲ್ಲಿ ಮಾತಿಲ್ಲ ಎಂದೆ.

ಮರಿಸ್ವಾಮಣ್ಣ ಯಾಕೋ ತಲೆ ತಗ್ಗಿಸಿಕೊಂಡು ಹೆಗಲ ವಸ್ತ್ರದಿಂದ ಬಾಯಿ ಮುಚ್ಚಿಕೊಂಡ. ಬುದ್ಧಿ ನಗಲಿಲ್ಲ. ಸಿಟ್ಟಾಗಲೂ ಇಲ್ಲ. ಕಟ್ಟೆಯಿಂದ ಇಳಿದು ಪಾದುಕೆ ಮೆಟ್ಟಿಕೊಂಡರು. ನಾಳೆ ಅಮಾವಾಸ್ಯೆ ಅಲ್ಲವೇ ಎಂದು ಮರಿಸ್ವಾಮಣ್ಣನನ್ನು ಕೇಳಿದರು. ಹೌದು ಬುದ್ಧಿ, ಏಳೂರಿನ ಜನ ಪಂಕ್ತಿಗೆ ಬರುತ್ತಾರೆ, ದೊಡ್ಡ ಕೊಪ್ಪರಿಗೆಯನ್ನೇ ಇಡಬೇಕು ಎಂದು ಅವನು ಹೇಳಿದ.

ಆಗ ಅವರು ನನ್ನ ಕಡೆ ತಿರುಗಿದರು.

“ನಾಳೆಯ ಸಾರಿಗೆ ಉಪ್ಪು ಹಾಕುವುದು ನೀನು ಶಿವಮಲ್ಲು.”

ಅಷ್ಟು ಹೇಳಿ ಒಳಗೆ ಹೋದರು. ಮಾತಿಗೆ ಮಾತು ಕೊಡದೆ ನಾನು ಮತ್ತೆ ಕುಳಿತದ್ದನ್ನು ಆ ಮಠದಲ್ಲಿ ಅಂದಿನವರೆಗೆ ಯಾರೂ ಕಂಡಿರಲಿಲ್ಲ. ಅಂದು ಎಲ್ಲರೂ ಕಂಡರು. ಮರಿಸ್ವಾಮಣ್ಣ ಅಡುಗೆಮನೆಗೆ ಹೋಗಿ ಬಂದು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಇದನ್ನು ಗುಡ್ಡದ ಆಚೆ ಹಾಕುವಂತಿಲ್ಲ, ಏಳೂರಿನ ನಾಲಗೆ ನೋಡುತ್ತದೆ ಎಂದು ನನ್ನ ಕೈಗೆ ಉಪ್ಪು ತುಂಬಿದ ಮರಿಗೆಯನ್ನು ಕೊಟ್ಟ.